ರಾಜಕಾಲುವೆಗೆ ಮೀನು ಬಿಡುವ ಮುಂಚೆ

ಪ್ರಶ್ನೆ: ನಮ್ಮದು ಕೆಂಗೇರಿ ಆಚೆಯ ಒಂದು ಬಡಾವಣೆ. ಮನೆಗಳ ಹಿಂದೆ ರಾಜಕಾಲುವೆ ಇದೆ. ಮೇಲಿನ ಕೆರೆಯ ಕೋಡಿಯಿಂದ ಹೊರಟು, ನಮ್ಮ ಹಿಂದೆ ಸುಮಾರು 400 ಮೀಟರ್ ಹರಿದು, ಮುಂದೆ ವೃಷಭಾವತಿ ಸೇರುತ್ತದೆ. ಅರ್ಧ ಭಾಗಕ್ಕೆ ಕಾಂಕ್ರೀಟ್ ಗೋಡೆ, ಉಳಿದರ್ಧ ಇನ್ನೂ ಮಣ್ಣಿನ ದಂಡೆ. ಹೋದ ವರ್ಷ ಒಳಚರಂಡಿ ಪೈಪು ಹಾಕಿದ ಮೇಲೆ ವಾಸನೆ ಕಡಿಮೆ ಆಗಿದೆ. ನಾವು ಮೂವತ್ತು ಮನೆಯವರು ಸೇರಿ ದಂಡೆಗೆ ಗಿಡ ನೆಟ್ಟು, ದೇಸಿ ಮೀನು ಬಿಡೋಣ ಅಂದುಕೊಂಡಿದ್ದೇವೆ. ಪರಿಚಯದವರೊಬ್ಬರು 2000 ಮೀನುಮರಿ ಸುಮ್ನೆ ಕೊಡುತ್ತಾರಂತೆ. ಬಿಡಬಹುದಾ? ಗಿಡ, ನೀರು ಅಂತ ಮಾಡಿದರೆ ಸೊಳ್ಳೆ ಜಾಸ್ತಿ ಆಗುವುದಿಲ್ಲವಾ?

ಉತ್ತರ: ಮೊದಲು ಆ 2000 ಮರಿಗಳ ವಿಷಯ. ಈಗ ತರಿಸಬೇಡಿ. ಕೊಡುವವರಿಗೆ ಬೇಜಾರಾದರೂ ಪರವಾಗಿಲ್ಲ. ನೀವು ಹೇಳಿದ ಕೆಲಸಗಳಲ್ಲಿ ಮೀನು ಬಿಡುವುದು ಎಲ್ಲಕ್ಕಿಂತ ಕೊನೆಯದು. ಮುಂಚಿನ ಕೆಲಸ ಸರಿಯಾಗಿ ಆದರೆ ಬಹುಶಃ ಅದು ಬೇಕಾಗುವುದೇ ಇಲ್ಲ.

ಇದು ನಾನು ಕೈ ಸುಟ್ಟುಕೊಂಡು ಕಲಿತದ್ದು. ಹನ್ನೆರಡು ವರ್ಷದ ಹಿಂದೆ, ನಗರದ ಉತ್ತರದ ಅಂಚಿನಲ್ಲಿ ಒಂದು ಕಾಲುವೆ. ನಾವು ಕೆಲವರು ಸೇರಿ ಹೂಳು ತೆಗೆಸಿ, ದಂಡೆ ಚೊಕ್ಕ ಮಾಡಿದ್ದೆವು. ನೀರು ತಿಳಿಯಾಗಿತ್ತು, ತಳ ಕಾಣುತ್ತಿತ್ತು. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಮೀಟರ್ ಇಳಿಬಿಟ್ಟು ಆಮ್ಲಜನಕ ಅಳೆದೆ. ಲೀಟರಿಗೆ 11 ಮಿಲಿಗ್ರಾಂ ತೋರಿಸಿತು. ಹಿಗ್ಗಿ ಹೋದೆ. ಎರಡು ದಿನ ಬಿಟ್ಟು ಶಾಲೆ ಮಕ್ಕಳನ್ನು ಕರೆಸಿ, ಅವರ ಕೈಯಿಂದಲೇ ಪಕ್ಕೆ ಮೀನಿನ ಮರಿ ಬಿಡಿಸಿದೆವು. ಚಪ್ಪಾಳೆ, ಫೋಟೋ, ಬೋಂಡ, ಎಲ್ಲ ಆಯಿತು. ವಾರ ಕಳೆಯುವಷ್ಟರಲ್ಲಿ ಭರಣಿ ಮಳೆ ಹೊಡೆಯಿತು. ಮರುದಿನ ಬೆಳಿಗ್ಗೆ ಹೋದರೆ ಕಾಲುವೆಯ ಅಂಚಿನುದ್ದಕ್ಕೂ ಮರಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಮೀನು ಬಿಟ್ಟಿದ್ದ ಹುಡುಗರಲ್ಲಿ ಒಬ್ಬ ಶಾಲೆ ಬ್ಯಾಗ್ ಹಾಕಿಕೊಂಡು ನಿಂತು ನೋಡುತ್ತಿದ್ದ. ಅವನಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ತಪ್ಪು ಆ 11ರಲ್ಲೇ ಇತ್ತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ, 25 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಸುಮಾರು 7.4 ಮಿಲಿಗ್ರಾಂ, ಅಷ್ಟೇ. ಅದಕ್ಕಿಂತ ಅಷ್ಟು ಜಾಸ್ತಿ ಬಂತು ಅಂದರೆ ತಳದಲ್ಲಿ, ಕಲ್ಲಿನ ಮೇಲೆ ಪಾಚಿ ತುಂಬಿದೆ, ಬಿಸಿಲಿಗೆ ಅದು ಆಮ್ಲಜನಕ ಬಿಡುತ್ತಿದೆ ಅಂತ ಅರ್ಥ. ಕತ್ತಲಾದ ಮೇಲೆ ಅದೇ ಪಾಚಿ ಉಸಿರಾಡುತ್ತದೆ. ಹಗಲು ಕೊಟ್ಟದ್ದನ್ನು ರಾತ್ರಿ ವಾಪಸ್ ತೆಗೆದುಕೊಳ್ಳುತ್ತದೆ. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಮೀನಿಗೆ ಹೆಚ್ಚೇನೂ ಉಳಿದಿರುವುದಿಲ್ಲ. ನಮ್ಮ ಮರಿಗಳು ಆ ವಾರವೆಲ್ಲ ಏದುಸಿರು ಬಿಟ್ಟುಕೊಂಡೇ ಬದುಕಿದ್ದವು. ಅದರ ಮೇಲೆ ಮೊದಲ ಮಳೆ. ತಿಂಗಳುಗಟ್ಟಲೆ ರಸ್ತೆ ಮೇಲೆ ಕೂತಿದ್ದ ಎಣ್ಣೆ, ಟೈರಿನ ಪುಡಿ, ಕಸದ ರಸ ಎಲ್ಲ ಒಂದೇ ಗಂಟೆಯಲ್ಲಿ ತೊಳೆದುಕೊಂಡು ಬಂತು. ಅಲ್ಲಲ್ಲಿ ಉಳಿದಿದ್ದ ಕಪ್ಪು ಹೂಳೂ ಕಲಕಿತು. 11 ನೋಡಿ ನಾನು ಖುಷಿ ಪಡಬಾರದಿತ್ತು, ಹೆದರಬೇಕಿತ್ತು.

ಹಾಗಾಗಿ ನಿಮ್ಮ ಮೊದಲ ಕೆಲಸಕ್ಕೆ ದುಡ್ಡು ಬೇಡ, ಅಲಾರಂ ಬೇಕು. ಬೆಳಿಗ್ಗೆ ಐದೂವರೆಗೆ, ಸೂರ್ಯ ಹುಟ್ಟುವ ಮುಂಚೆ ಹೋಗಿ ಅಳೆಯಿರಿ. ಮೀಟರ್ ಇರುವ ಕಾಲೇಜು ಹತ್ತಿರ ಇದ್ದರೆ ಕೇಳಿ, ವಿದ್ಯಾರ್ಥಿಗಳು ಖುಷಿಯಿಂದ ಬರುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ದರ್ಜೆ ಮಾಡಿದೆ. ಮೀನು ಮತ್ತು ವನ್ಯಜೀವಿಗಳಿಗೆ ಅಂತ ಇರುವುದು ‘ಡಿ’ ದರ್ಜೆ. ಅದರ ಪ್ರಕಾರ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಜಾಸ್ತಿ ಇರಬೇಕು. ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು. ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ದಾಟಬಾರದು. ಅಮೋನಿಯಾಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಿಟ್ ಸಾಕು. ಅದು ಒಟ್ಟು ಅಮೋನಿಯಾ ತೋರಿಸುತ್ತದೆ, ಮಂಡಳಿ ಹೇಳುವುದು ಮುಕ್ತ ಅಮೋನಿಯಾ. ಎರಡೂ ಒಂದೇ ಅಲ್ಲ. ಆದರೂ ಕಿಟ್‌ನ ಬಣ್ಣ ಕಡು ಹಸಿರಿಗೆ ತಿರುಗಿದರೆ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ, ಇನ್ನೂ ಹೊತ್ತಾಗಿಲ್ಲ ಅಂತ ತಿಳಿಯಿರಿ.

ವಾಸನೆ ಕಡಿಮೆ ಆಗಿದೆ ಅಂದಿರಿ. ಸಂತೋಷ. ಆದರೆ ಮೂಗನ್ನು ನಂಬಬೇಡಿ, ಮಾರ್ಚ್ ತಿಂಗಳನ್ನು ನಂಬಿ. ಯಾಕೆ ಅಂತ ಹೇಳುತ್ತೇನೆ. ಬೆಂಗಳೂರು ದಿಣ್ಣೆ ಮೇಲೆ ಕೂತ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಿಂದ ದಕ್ಷಿಣ ಪಿನಾಕಿನಿಗೆ. ದಿಣ್ಣೆ ಮೇಲೆ ಹುಟ್ಟುವ ಹಳ್ಳಗಳು ವರ್ಷವಿಡೀ ಹರಿಯುವಂಥವಲ್ಲ. ಮಳೆಗಾಲದಲ್ಲಿ ತುಂಬಿ ಹರಿದು, ಸಂಕ್ರಾಂತಿ ಕಳೆದ ಮೇಲೆ ಸಣಕಲಾಗಿ, ಶಿವರಾತ್ರಿ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿಯುತ್ತಿದ್ದವು. ಹಾಗಿರುವಾಗ ಮಾರ್ಚ್‌ನಲ್ಲೂ ನಿಮ್ಮ ಕಾಲುವೆ ಜುಳುಜುಳು ಅಂತ ಹರಿಯುತ್ತಿದ್ದರೆ, ಆ ನೀರು ಎಲ್ಲಿಂದ ಬಂತು ಅಂತ ಕೇಳಬೇಕು ಅಲ್ವಾ? ಒಂದು ಸುಲಭದ ಪರೀಕ್ಷೆ ಇದೆ. ಒಂದು ಕೋಲಿಗೆ ಗೆರೆ ಹಾಕಿ ನೀರಿನಲ್ಲಿ ನಿಲ್ಲಿಸಿ. ಭಾನುವಾರ ಬೆಳಿಗ್ಗೆ ಆರರಿಂದ ಸಂಜೆವರೆಗೆ ಗಂಟೆಗೊಮ್ಮೆ ನೋಡಿ. ಎಂಟು-ಒಂಬತ್ತಕ್ಕೆ ಏರಿ, ಮಧ್ಯಾಹ್ನ ಮೂರಕ್ಕೆ ಇಳಿದರೆ ಅದು ಹಳ್ಳವಲ್ಲ. ಮೇಲಿನ ಬಡಾವಣೆಯ ಬಚ್ಚಲುಮನೆ.

ಇದರಲ್ಲಿ ‘ಸ್ವಲ್ಪ ತಾನೆ’ ಅನ್ನುವ ಮಾತಿಲ್ಲ. ಮನೆಗಳ ಕೊಳಚೆ ನೀರಿನ ಬಿಓಡಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುತ್ತದೆ. ಬಿಓಡಿ ಅಂದರೆ ಆ ಕೊಳೆ ಕರಗಲು ಎಷ್ಟು ಆಮ್ಲಜನಕ ತಿನ್ನುತ್ತದೆ ಅನ್ನುವ ಲೆಕ್ಕ. ಸ್ನಾನ ಮಾಡುವ ಹೊಳೆ ನೀರಿಗೆ ಮಂಡಳಿ ಹೇಳುವ ಮಿತಿ 3. ಅಂದರೆ ಒಂದು ಕೊಡ ಕೊಳಚೆಯನ್ನು ಸರಿ ಮಾಡಲು ಎಂಬತ್ತು, ನೂರು ಕೊಡ ಒಳ್ಳೆ ನೀರು ಬೇಕು. ನಿಮ್ಮ ಕಾಲುವೆಗೆ ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿದೆ? ಹಾಗಾಗಿ ಹೊಸ ಪೈಪಿಗೆ ಇನ್ನೂ ಸೇರಿಸಿಕೊಳ್ಳದ ಮನೆಗಳು ಯಾವುವು, ಮ್ಯಾನ್‌ಹೋಲ್ ಎಲ್ಲಿ ಉಕ್ಕುತ್ತದೆ ಅಂತ ನಡೆದುಕೊಂಡು ಹೋಗಿ ಪತ್ತೆ ಮಾಡಿ. ಫೋಟೋ ತೆಗೆದು ಜಲಮಂಡಳಿಯ 1916ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇಜಾರಿನ ಕೆಲಸ. ಗಿಡ ನೆಡುವ ದಿನ ನೂರು ಜನ ಬರುತ್ತಾರೆ, ಮ್ಯಾನ್‌ಹೋಲ್ ಎಣಿಸುವ ದಿನ ಮೂರೇ ಜನ. ಆದರೆ ಹಳ್ಳ ಉಳಿಸುವುದು ಆ ಮೂರು ಜನ.

ಕೊಳಚೆಯಷ್ಟೇ ಮೀನು ಕೊಲ್ಲುವ ಇನ್ನೊಂದು ವಸ್ತು ನಿಮ್ಮ ಬೀದಿಯಲ್ಲೇ ಇದೆ, ಯಾರೂ ಗಮನಿಸುವುದಿಲ್ಲ: ಬ್ಲೀಚಿಂಗ್ ಪೌಡರ್. ಚರಂಡಿ ಬದಿಗೆ ಬೆಳ್ಳಗೆ ಗೆರೆ ಎಳೆದ ಹಾಗೆ ಉದುರಿಸಿ ಹೋಗುತ್ತಾರಲ್ಲ, ಅದೇ. ಅದರ ಕ್ಲೋರಿನ್ ಲೀಟರಿಗೆ 0.02 ಮಿಲಿಗ್ರಾಂ ಆಸುಪಾಸಿನಲ್ಲಿದ್ದರೂ ನೀರಿನ ಜೀವಿಗಳಿಗೆ ಅಪಾಯ. ನಿಮ್ಮ ವಾರ್ಡಿನ ಮೇಸ್ತ್ರಿಯ ಹತ್ತಿರ ಮಾತಾಡಿ, ಕಾಲುವೆಯ ಕಡೆ ಮಾತ್ರ ಬೇಡ ಅಂತ ಕೇಳಿಕೊಳ್ಳಿ. ಸಂಸ್ಕರಿಸಿದ ನೀರು ಮೇಲಿನ ಕೆರೆಗೆ ಬರುತ್ತಿದ್ದರೂ ಇದೇ ಪ್ರಶ್ನೆ ಕೇಳಬೇಕು: ಕ್ಲೋರಿನ್ ಹಾಕಿದ ಮೇಲೆ ಅದು ಆರಿಹೋಗಲು ನೀರನ್ನು ಎಲ್ಲಾದರೂ ನಿಲ್ಲಿಸುತ್ತಾರಾ? ಜಕ್ಕೂರಿನಲ್ಲಿ ಸಂಸ್ಕರಣಾ ಘಟಕದ ನೀರು ನೇರ ಕೆರೆಗೆ ಬೀಳುವುದಿಲ್ಲ. ನಡುವೆ ಜೊಂಡು ಬೆಳೆದ ಜೌಗು ದಾಟಿ ಬರುತ್ತದೆ. ಒಮ್ಮೆ ಹೋಗಿ ನೋಡಿ ಬನ್ನಿ.

ಈಗ ಕಾಲುವೆಯ ಆಕಾರಕ್ಕೆ ಬರೋಣ. ನಿಮ್ಮ ಹತ್ತಿರ ಇನ್ನೂ 200 ಮೀಟರ್ ಮಣ್ಣಿನ ದಂಡೆ ಉಳಿದಿದೆ ಅಂದಿರಿ. ಅದೇ ನಿಮ್ಮ ಆಸ್ತಿ. ಅದಕ್ಕೂ ಗೋಡೆ ಕಟ್ಟಲು ಟೆಂಡರ್ ಆಗುವ ಮುಂಚೆ ಎಚ್ಚರವಾಗಿ. ಕಾಂಕ್ರೀಟ್ ಭಾಗವನ್ನು ಸದ್ಯ ಮುಟ್ಟಬೇಡಿ. ಕಾಂಕ್ರೀಟ್ ಒಡೆದು ಹೊಳೆ ಮಾಡಿದ ಉದಾಹರಣೆ ಇಲ್ಲದೆ ಇಲ್ಲ. ಸಿಂಗಾಪುರದ ಬಿಶಾನ್ ಉದ್ಯಾನದಲ್ಲಿ ಕಲ್ಲಾಂಗ್ ನದಿಯ 2.7 ಕಿ.ಮೀ. ನೇರ ಕಾಂಕ್ರೀಟ್ ಕಾಲುವೆಯನ್ನು ಬಿಚ್ಚಿ, ಸುಮಾರು 3 ಕಿ.ಮೀ. ಅಂಕುಡೊಂಕು ಹೊಳೆ ಮಾಡಿದರು. 2012ಕ್ಕೆ ಕೆಲಸ ಮುಗಿಯಿತು. ಆದರೆ ಅವರಿಗೆ ಪಕ್ಕದಲ್ಲೇ ದೊಡ್ಡ ಪಾರ್ಕ್ ಇತ್ತು, ಪ್ರವಾಹ ಬಂದಾಗ ನೀರು ಹರಡಿಕೊಳ್ಳಲು ಜಾಗ ಇತ್ತು. ನಿಮ್ಮಲ್ಲಿ ಆ ಜಾಗದಲ್ಲಿ ಮನೆಗಳಿವೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಕಡೆ ಟ್ರ್ಯಾಕ್ಟರ್‌ನಲ್ಲಿ ಜನ ಆಫೀಸಿಗೆ ಹೋದದ್ದು ನೆನಪಿದೆ ತಾನೆ?

ಅದಕ್ಕೇ ಹೇಳುವುದು, ಕಾಲುವೆ ಒಳಗೆ ಒಂದು ದೊಡ್ಡ ಕಲ್ಲು ಇಡುವ ಮುಂಚೆಯೂ ರಾಜಕಾಲುವೆ ವಿಭಾಗದ ಎಂಜಿನಿಯರ್ ಒಪ್ಪಿಗೆ ಬರಹದಲ್ಲಿ ಇರಲಿ. ನೀರು ಹೋಗುವ ಅಡ್ಡಳತೆ ಕಡಿಮೆ ಆಗಬಾರದು. ಜಾಗದ ಗಡಿಯೂ ಗೊತ್ತಿರಲಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಹಳೆಯ ಗ್ರಾಮ ನಕ್ಷೆ ತರಿಸಿ. ಕಾಲುವೆ ಬಿ ಖರಾಬು ಎಂದು ದಾಖಲಾಗಿರುತ್ತದೆ, ಅಂದರೆ ಸರ್ಕಾರದ ಜಾಗ. ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು ಅನ್ನುವುದು ಈ ಊರಿನ ಹಳೇ ಜಗಳ. ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿತು, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿತು. ಆ ಜಗಳದಲ್ಲಿ ನೀವು ಸಿಕ್ಕಿಕೊಳ್ಳಬೇಡಿ. ನಕ್ಷೆಯಲ್ಲಿ ಇರುವಷ್ಟು ಜಾಗ ನೆಲದಲ್ಲೂ ಇದೆಯಾ ಅಂತ ನೋಡಿದರೆ ಸಾಕು. ಸಾಮಾನ್ಯವಾಗಿ ಇರುವುದಿಲ್ಲ!

ಮಣ್ಣಿನ ಭಾಗದಲ್ಲಿ ಮೀನಿಗೆ ಬೇಕಾದದ್ದು ಎರಡು: ಆಳದ ಮಡು, ಅದರ ಮುಂದೆ ಕಲ್ಲಿನ ಮೇಲೆ ನೀರು ತೆಳ್ಳಗೆ ಹರಿಯುವ ಜಾಗ. ಬೇಸಿಗೆ ಕಳೆಯಲು ಮಡು ಬೇಕು. ನೀರಿಗೆ ಗಾಳಿ ಬೆರೆಯಲು, ಹುಳಹುಪ್ಪಟೆ ಬೆಳೆಯಲು ಕಲ್ಲು ಬೇಕು. ತನ್ನಷ್ಟಕ್ಕೆ ಹರಿಯುವ ಹಳ್ಳದಲ್ಲಿ ಮಡುವಿನಿಂದ ಮಡುವಿಗೆ ಇರುವ ದೂರ ಹಳ್ಳದ ಅಗಲದ ಐದರಿಂದ ಏಳು ಪಟ್ಟು. ನಿಮ್ಮದು ನಾಲ್ಕು ಮೀಟರ್ ಅಗಲ ಅಂದುಕೊಂಡರೆ 20ರಿಂದ 28 ಮೀಟರಿಗೊಂದು. ಜೆಸಿಬಿ ತರಿಸಿ ಸಾಲಾಗಿ ಗುಂಡಿ ತೋಡಿಸಬೇಡಿ, ಅವು ಒಂದೇ ಮಳೆಗೆ ಮುಚ್ಚಿಹೋಗುತ್ತವೆ. ತಿರುವಿನ ಹೊರಮಗ್ಗುಲಲ್ಲಿ ನೀರು ತಾನೇ ಕೊರೆಯುತ್ತಿರುತ್ತದೆ. ಅಲ್ಲಿ ಸ್ವಲ್ಪ ಕೈಜೋಡಿಸಿದರೆ ಮಳೆಯೇ ಮಡು ಕಾಯುತ್ತದೆ. ಕುಸಿಯುವ ದಂಡೆಯನ್ನು ಇಳಿಜಾರು ಮಾಡಿ, ತೆಂಗಿನ ನಾರಿನ ಚಾಪೆ ಹಾಸಿ, ಬಿದಿರಿನ ಗೂಟ ಹೊಡೆಯಿರಿ. ಚಾಪೆ ಎರಡು-ಮೂರು ವರ್ಷಕ್ಕೆ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ.

ಗಿಡಗಳ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ ಆಗುತ್ತದೆ, ಕ್ಷಮಿಸಿ. ದಂಡೆಯನ್ನು ಮೂರು ಮೆಟ್ಟಿಲು ಅಂತ ಭಾವಿಸಿ. ನೀರಿಗೆ ಕಾಲು ಇಳಿಬಿಡುವ ಮೊದಲ ಮೆಟ್ಟಿಲಿಗೆ ಲಾವಂಚ, ಬಜೆ, ಜೇಕು, ಒಂದೆಲಗ. ಆಪು ಹಾಕಲೇಬೇಕಾಗಿಲ್ಲ, ಅದು ಕರೆಯದೆ ಬರುತ್ತದೆ. ಬಂದಮೇಲೆ ಕಾಲುವೆಯನ್ನೇ ನುಂಗದ ಹಾಗೆ ವರ್ಷಕ್ಕೊಮ್ಮೆ ಕತ್ತರಿಸಬೇಕು. ಎರಡನೇ ಮೆಟ್ಟಿಲಿಗೆ ಲಕ್ಕಿ, ಕೇದಗೆ, ಈಚಲು. ಲಕ್ಕಿಯ ಕಡ್ಡಿ ಮುರಿದು ಹಸಿ ಮಣ್ಣಿಗೆ ಚುಚ್ಚಿದರೆ ಸಾಕು, ನರ್ಸರಿಗೆ ಹೋಗಬೇಕಾಗಿಲ್ಲ. ಮೇಲಿನ ಮೆಟ್ಟಿಲಿಗೆ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ. ಅತ್ತಿಯ ಹಣ್ಣು ನೀರಿಗೆ ಬಿದ್ದರೆ ಮೀನು ಮುತ್ತುತ್ತವೆ. ಹೊಂಗೆ ನೆರಳಿಗೆ ಒಳ್ಳೆಯದು, ಆದರೆ ಹೊಂಗೆ ಹಿಂಡಿಯನ್ನು ಗೊಬ್ಬರ ಅಂತ ದಂಡೆಗೆ ಹಾಕಬೇಡಿ. ಹೊಂಗೆ ಬೀಜ ಜಜ್ಜಿ ನೀರಿಗೆ ಹಾಕಿ, ಮೀನಿಗೆ ಅಮಲು ಬರಿಸಿ ಹಿಡಿಯುವ ಪದ್ಧತಿ ಹಿಂದಿನಿಂದಲೂ ಇದೆ.

ಈ ನೆರಳು ಚೆಂದಕ್ಕಲ್ಲ. ನನ್ನ 11 ಮಿಲಿಗ್ರಾಂ ಕತೆ ನೆನಪಿಸಿಕೊಳ್ಳಿ. ನೆರಳು ಬಿದ್ದ ನೀರಿನಲ್ಲಿ ಪಾಚಿ ಕಡಿಮೆ, ಬಿಸಿ ಕಡಿಮೆ. ತಣ್ಣಗಿನ ನೀರು ಆಮ್ಲಜನಕ ಜಾಸ್ತಿ ಹಿಡಿಯುತ್ತದೆ, ರಾತ್ರಿ ಕದಿಯುವ ಪಾಚಿಯೂ ಇಲ್ಲ. ಮಧ್ಯಾಹ್ನದ ಬಿಸಿಲು ತಡೆಯುವ ದಕ್ಷಿಣ ಮತ್ತು ಪಶ್ಚಿಮದ ದಂಡೆಗೆ ಮರ ಮೊದಲು ನೆಡಿ. ಉದುರಿದ ಎಲೆಯನ್ನು ಗುಡಿಸಬೇಡಿ. ನೀರಿಗೆ ಬಿದ್ದ ಎಲೆಯನ್ನು ಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ. ಬಡಾವಣೆಯಲ್ಲಿ ಒಬ್ಬರಾದರೂ ‘ಕ್ಲೀನಾಗಿ ಲಾನ್ ಹಾಕಿಸೋಣ’ ಅನ್ನುತ್ತಾರೆ. ನಯವಾಗಿ ಬೇಡ ಅನ್ನಿ. ಲಂಟಾನ ಇದ್ದರೆ ಒಂದೇ ವರ್ಷ ಪೂರ್ತಿ ಕೀಳಬೇಡಿ, ದಂಡೆ ಬೋಳಾಗಿ ಮಣ್ಣು ಕೊಚ್ಚಿಹೋಗುತ್ತದೆ. ಪಟ್ಟಿ ಪಟ್ಟಿಯಾಗಿ ತೆಗೆದು, ತೆಗೆದ ಕಡೆ ತಕ್ಷಣ ಲಕ್ಕಿ ಚುಚ್ಚಿ. ನೆಡಲು ಆರಿದ್ರಾ ಮಳೆ ಹದವಾದ ಹೊತ್ತು.

ನೀರು ಸರಿಯಾಯಿತು, ಮಡು ಆಯಿತು, ನೆರಳು ಬರುತ್ತಿದೆ. ಈಗ ದಾರಿ. ಮಲೆನಾಡಿನವರು ಹತ್ತುಮೀನು ಅಂತಾರೆ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಎದುರು ನೀರಿನಲ್ಲಿ ಹತ್ತಿ ಬರುತ್ತದೆ, ಮೊಟ್ಟೆ ಇಡಲು. ಬಯಲುಸೀಮೆಯಲ್ಲೂ ಅದೇ ನಡೆಯುತ್ತಿತ್ತು. ಕೆರೆ ಕೋಡಿ ಬಿದ್ದಾಗ ಮೀನು ಕೆಳಗೆ ಇಳಿಯುತ್ತಿತ್ತು, ಕೆಳಗಿನ ಕೆರೆಯದು ಮೇಲೆ ಹತ್ತುತ್ತಿತ್ತು. ಕೆರೆಗಳ ಸರಪಳಿ ಅಂತ ನಾವು ಭಾಷಣದಲ್ಲಿ ಹೇಳುವುದು ನೀರಿನ ಬಗ್ಗೆ ಮಾತ್ರ. ಮೀನಿಗೂ ಅದೇ ರಸ್ತೆ. ಈಗ ಆ ರಸ್ತೆಗೆ ಎಲ್ಲ ಕಡೆ ಮೆಟ್ಟಿಲು ಇಟ್ಟಿದ್ದೇವೆ. ಮೋರಿಯ ಪೈಪಿನಿಂದ ನೀರು ಒಂದು ಗೇಣು ಮೇಲಿಂದ ಧುಮುಕಿದರೂ ನಿಮ್ಮ ಕಿರುಬೆರಳಷ್ಟು ಮೀನಿಗೆ ಅದು ಗೋಡೆ. ನಿಮ್ಮ 400 ಮೀಟರ್ ಮತ್ತು ಕೋಡಿಯ ನಡುವೆ ಇಂಥ ಎಷ್ಟು ಧುಮುಕುಗಳಿವೆ ಎಣಿಸಿ. ಎಂಜಿನಿಯರ್ ಒಪ್ಪಿದರೆ ಕೆಳಗೆ ಸೈಜುಗಲ್ಲು, ದಪ್ಪ ಕಲ್ಲು ಪೇರಿಸಿ, ಇಪ್ಪತ್ತು ಅಡಿಗೆ ಒಂದು ಅಡಿ ಏರುವ ಇಳಿಜಾರು ಮಾಡಬಹುದು. ದೊಡ್ಡ ಖರ್ಚಲ್ಲ. ನನ್ನ ಅನುಭವದಲ್ಲಿ ಒಂದು ಮೋರಿ ಸರಿ ಮಾಡುವುದು ಸಾವಿರ ಮರಿ ಬಿಡುವುದಕ್ಕಿಂತ ಲಾಭ.

ದಾರಿ ತೆರೆದರೆ ಮೇಲಿನ ಕೆರೆಯಲ್ಲಿ ಏನಿದೆಯೋ ಅದು ಬರುತ್ತದೆ. ಏನಿದೆ? ಆ ಕೆರೆಯ ಮೀನು ಟೆಂಡರ್ ಹಿಡಿದವರನ್ನು ಕೇಳಿ. ಮೀನಿನ ವಿಷಯದಲ್ಲಿ ನನಗಿಂತ ಅವರಿಗೆ ಗೊತ್ತು. ಅವರು ಬಿಡುವುದು ಕಾಟ್ಲಾ, ರೋಹು, ಗೆಂಡೆ. ಕಾಟ್ಲಾ, ರೋಹು ಗಂಗಾ ಬಯಲಿನವು, ಸಾಮಾನ್ಯ ಗೆಂಡೆ ಹೊರದೇಶದ್ದು. ನಮ್ಮ ಜನ ಊರ ಮೀನು ಅಂದುಕೊಂಡಿರುವ ಜಿಲೇಬಿ ಆಫ್ರಿಕಾದ್ದು, ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಬಲೆ ಎಳೆದಾಗ ದೊಡ್ಡ ಮೀನನ್ನು ತೂಕಕ್ಕೆ ಹಾಕಿ, ಬಲೆಯ ಮೂಲೆಯಲ್ಲಿ ಉಳಿದ ಪುಡಿ ಮೀನನ್ನು ಪಕ್ಕಕ್ಕೆ ಸುರಿಯುತ್ತಾರೆ. ಆ ರಾಶಿಯಲ್ಲಿ ಕೂತು ಹುಡುಕಿ. ಬಾಲದ ಹತ್ತಿರ ಕಪ್ಪು ಚುಕ್ಕೆ ಇರುವ ಪಕ್ಕೆ, ಮೈಯುದ್ದಕ್ಕೂ ಕಪ್ಪು ಗೆರೆ ಇರುವ ಬೆರಳುದ್ದದ ಮೀನು, ತಲೆ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುವ, ನೀರಿನ ಮೇಲ್ಮೈಯಲ್ಲೇ ತಿರುಗುವ ಪುಟಾಣಿ. ನಿಮ್ಮ ಹಳ್ಳಕ್ಕೆ ಬರಬೇಕಾದವರು ಇವರೇ.

ಯಾರು ಯಾವಾಗ ಬರುತ್ತಾರೆ ಅನ್ನುವುದರಲ್ಲಿ ನಿಮ್ಮ ನೀರಿನ ವರದಿ ಇರುತ್ತದೆ. ಮೊದಲು ಕಾಣುವುದು ಕೊರವ ಮತ್ತು ಚೇಳು ಮೀನು. ಇವು ಮೇಲೆ ಬಂದು ಗಾಳಿ ಗುಟುಕರಿಸಬಲ್ಲವು, ಹಾಗಾಗಿ ಕೆಟ್ಟ ನೀರಿನಲ್ಲೂ ತಡೆದುಕೊಳ್ಳುತ್ತವೆ. ಇವು ಬಂದವು ಅಂತ ಕೇಕ್ ಕತ್ತರಿಸಬೇಡಿ. ಪಕ್ಕೆ ಬಂದು ಬೇಸಿಗೆ ದಾಟಿದರೆ ನೀರು ಸುಧಾರಿಸಿದೆ. ಕಲ್ಲಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುವ ಸಣ್ಣ ಕಲ್ಲುಮೀನು ಕಾಣಿಸಿದರೆ ನನಗೆ ಫೋನ್ ಮಾಡಿ, ನಾನೇ ಕೇಕ್ ತರುತ್ತೇನೆ. ಅದಕ್ಕೆ ಹರಿಯುವ, ಶುದ್ಧ, ಗಾಳಿ ಬೆರೆತ ನೀರೇ ಬೇಕು. ಅದಕ್ಕಿಂತ ಮುಂಚಿನ ಸೂಚನೆ ಬೇಕಾದರೆ ಹರಿವಿನಲ್ಲಿರುವ ಒಂದು ಕಲ್ಲು ಎತ್ತಿ ತಿರುಗಿಸಿ. ಕೆಂಪು ದಾರದಂಥ ಹುಳ ಮಾತ್ರ ಇದ್ದರೆ ಕೊಳೆ ಇನ್ನೂ ಇದೆ. ಮೂರು ಬಾಲದ, ಚಪ್ಪಟೆ ಮೈಯ ಮರಿಹುಳ ಓಡಿದರೆ ನೀರು ಒಳ್ಳೆಯದಾಗುತ್ತಿದೆ.

ಮಳೆಗಾಲದಲ್ಲಿ ಒಂದು ದೃಶ್ಯ ಕಾದು ನೋಡಿ. ದಂಡೆಯ ಹುಲ್ಲಿನ ನಡುವೆ ಅಂಗೈಯಗಲದ ಕೆಂಪು ಮೋಡ ತೇಲುತ್ತಿರುತ್ತದೆ. ಹತ್ತಿರ ಹೋದರೆ ಅದು ನೂರಾರು ಕೊರವದ ಮರಿ, ಒಟ್ಟಿಗೆ ಮೇಲೆ ಬಂದು ಗುಳುಗುಳು ಅನ್ನಿಸಿ ಕೆಳಗೆ ಹೋಗುತ್ತವೆ. ಕೆಳಗೆ ಕಾವಲಿಗೆ ದೊಡ್ಡದು ನಿಂತಿರುತ್ತದೆ, ಕೋಲು ಆಡಿಸಿದರೆ ಹಾರಿ ಬರುತ್ತದೆ. ಆ ಹೊತ್ತಿನಲ್ಲಿ ಗಾಳ ಹಾಕುವವರಿಗೆ ಕಾವಲು ಮೀನು ಹಿಡಿಯುವುದು ಬಲು ಸುಲಭ. ಹಿಡಿದರೆ ಮರಿಗಳನ್ನು ಜಿಲೇಬಿ ಮುಗಿಸುತ್ತದೆ. ನಿಮ್ಮ ಹುಡುಗರಿಗೆ ಇದೊಂದು ಹೇಳಿಕೊಡಿ.

ಬರಬಾರದವು ಕೂಡ ಅದೇ ದಾರಿಯಲ್ಲಿ ಬರುತ್ತವೆ. ಜಿಲೇಬಿಯನ್ನು ಪೂರ್ತಿ ತೊಲಗಿಸಲು ಆಗುವುದಿಲ್ಲ, ಬೇಸಿಗೆಯಲ್ಲಿ ಮಡು ಸಣ್ಣದಾದಾಗ ಬಲೆ ಹಾಕಿ ಕಡಿಮೆ ಮಾಡಬಹುದು. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ವಾಪಸ್ ಬಿಡಲೇಬೇಡಿ, ಅದರ ಸಾಕಣೆಗೆ ನಿಷೇಧ ಇರುವುದು ಸುಮ್ನೆ ಅಲ್ಲ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಅಕ್ವೇರಿಯಂ ಸಾಕಿ ಬೇಜಾರಾದವರು ಪುಣ್ಯ ಬರಲಿ ಅಂತ ಕಾಲುವೆಗೆ ಬಿಡುತ್ತಾರೆ. ಅದಕ್ಕೊಂದು ಬೋರ್ಡ್ ಹಾಕಿ. ಇನ್ನು ಯಾವ ಮೀನನ್ನೇ ಆಗಲಿ ನಿಮ್ಮ ಕಾಲುವೆಯಿಂದ ಹಿಡಿದು ಸಾರು ಮಾಡುವುದು ಸದ್ಯಕ್ಕೆ ಬೇಡ. ಕೊಳಚೆ, ಕಾರ್ಖಾನೆ ನೀರು ಕಂಡ ಹೂಳಿನಲ್ಲಿ ಲೋಹಗಳು ವರ್ಷಗಟ್ಟಲೆ ಕೂತಿರುತ್ತವೆ.

ಎರಡು-ಮೂರು ಮಳೆಗಾಲ ಕಳೆದರೂ, ಬೆಳಗಿನ ಜಾವದ ಆಮ್ಲಜನಕ ಸರಿ ಇದ್ದರೂ ಸಣ್ಣ ಮೀನು ಬರಲಿಲ್ಲ ಅನ್ನಿ. ಆಗ ತಂದು ಬಿಡುವ ಮಾತಾಡೋಣ. ಅದೂ ಮೀನುಗಾರಿಕೆ ಇಲಾಖೆ ಮತ್ತು ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ, ಇದೇ ಕಣಿವೆಯ ಮೇಲಿನ ಕೆರೆಯಿಂದ. ನಿಮ್ಮದು ಕಾವೇರಿ ಕಡೆಯ ಹಳ್ಳ. ವರ್ತೂರು ಕಡೆಯ ಸ್ನೇಹಿತರು ಕೊಟ್ಟರು ಅಂತ ಪಿನಾಕಿನಿ ಕಡೆಯ ಮೀನು ತರಬೇಡಿ. ನೋಡಲು ಒಂದೇ ಥರ ಇದ್ದರೂ ಎರಡು ಕಡೆಯವೂ ಬೇರೆ ಬೇರೆಯಾಗಿ ಬಾಳಿ ಬಂದವು, ಬೆರೆಸಿದ ಮೇಲೆ ಬಿಡಿಸಲು ಆಗುವುದಿಲ್ಲ. ದೊಡ್ಡವರೇ ಇದರಲ್ಲಿ ಎಡವಿದ್ದಾರೆ. ಲಂಡನ್ನಿನ ಥೇಮ್ಸ್ ನದಿ ಸತ್ತಿದೆ ಅಂತ 1957ರಲ್ಲಿ ಅಲ್ಲಿಯ ವಿಜ್ಞಾನಿಗಳೇ ಹೇಳಿದ್ದರು. ಕೊಳಚೆ ಸಂಸ್ಕರಣೆ ಸುಧಾರಿಸಿದ ಮೇಲೆ ಒಂದೊಂದೇ ಮೀನು ತಾನಾಗಿ ವಾಪಸ್ ಬಂತು. ಸಾಲ್ಮನ್ ಮೀನನ್ನು ಮಾತ್ರ ತರಲೇಬೇಕು ಅಂತ ಹಟ ಹಿಡಿದು ದಶಕಗಳ ಕಾಲ ಮರಿ ಬಿಟ್ಟರು. 2011ರಲ್ಲಿ ಪ್ರಕಟವಾದ ತಳಿ ಪರೀಕ್ಷೆ ನೋಡಿದರೆ, ಥೇಮ್ಸ್‌ನಲ್ಲಿ ಸಿಕ್ಕ ಸಾಲ್ಮನ್‌ಗಳು ಹೆಚ್ಚಾಗಿ ಬೇರೆ ನದಿಗಳಿಂದ ದಾರಿ ತಪ್ಪಿ ಬಂದವು.

ಸೊಳ್ಳೆ ಬಗ್ಗೆ ಕೇಳಿದ್ದಿರಿ. ರಾತ್ರಿ ನಿಮ್ಮ ಕಿವಿ ಹತ್ತಿರ ಗುಯ್ ಅನ್ನುವ ಕ್ಯೂಲೆಕ್ಸ್ ಸೊಳ್ಳೆಗೆ ನಿಂತ ಕೊಳಚೆ ನೀರೇ ತೊಟ್ಟಿಲು. ಮೀನು ಬದುಕಲಾರದ ನೀರು ಅದಕ್ಕೆ ಸ್ವರ್ಗ. ಕೊಳಚೆ ಬರುವುದು ತಪ್ಪಿ, ನೀರು ಹರಿದು, ಆ ಬೆಳ್ಳಿ ಚುಕ್ಕೆಯ ಮೀನು ಮತ್ತು ಏರೋಪ್ಲೇನ್ ಚಿಟ್ಟೆಯ ಮರಿ ಸೇರಿಕೊಂಡರೆ ಸೊಳ್ಳೆ ಕಡಿಮೆಯೇ ಆಗುತ್ತದೆ. ಸೊಳ್ಳೆಗೆ ಅಂತ ಗ್ಯಾಂಬೂಸಿಯಾ ಮೀನು ಬಿಡುತ್ತೇವೆ ಅಂತ ಯಾರಾದರೂ ಬಂದರೆ ಹರಿಯುವ ನೀರಿಗೆ ಬೇಡ ಅನ್ನಿ. ಅದು ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ, ಮೊಟ್ಟೆ, ಮರಿ ತಿನ್ನುತ್ತದೆ. ಡೆಂಗಿಯ ಸೊಳ್ಳೆ ಕಾಲುವೆಯದ್ದಲ್ಲ, ನಿಮ್ಮ ತಾರಸಿಯ ಹೂಕುಂಡದ್ದು. ಇನ್ನೊಂದು, ನೀರೊಳ್ಳೆ ಹಾವು ಕಾಣಿಸಿಕೊಂಡರೆ ಕಲ್ಲು ಎತ್ತಬೇಡಿ. ಅದಕ್ಕೆ ವಿಷ ಇಲ್ಲ, ಅದು ಬಂದದ್ದು ಮೀನಿಗೆ.

ಆ ಪರಿಚಯದವರಿಗೆ ಇವತ್ತೇ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ಯಾವ ಮೀನಿನ ಮರಿ? 2000 ಮರಿ ಒಟ್ಟಿಗೆ ಸಿಗುತ್ತದೆ ಅಂದರೆ ಬಹುತೇಕ ಕಾಟ್ಲಾ, ರೋಹು ಅಥವಾ ಹುಲ್ಲುಗೆಂಡೆಯೇ ಇರುತ್ತದೆ. ಕೃಷಿಹೊಂಡ ಇರುವ ರೈತರು ಯಾರಾದರೂ ಗೊತ್ತಿದ್ದರೆ ಅವರ ನಂಬರ್ ಕೊಟ್ಟುಬಿಡಿ.